ಗಂಟೆಗೊಮ್ಮೆ ಬರುವ ಅತಿಥಿ

ನಿಮ್ಮ ಮನೆಯ ಕಂಪ್ಯೂಟರು ನಿಮ್ಮನ್ನು ಎಂದಾದರೂ ಇಂಗ್ಲಿಷಿನಲ್ಲಿ ಗದರಿಸಿದೆಯೆ? ನಗಬೇಡಿ, ಸೋದರಿಯರೆ. ನಾವು ನಮ್ಮ ಪಾಡಿಗೆ ಏನೋ ಟೈಪು ಮಾಡುತ್ತಾ ಕೂತಿರುತ್ತೇವೆ. ಎಲ್ಲಿಂದಲೋ "ಢಣ್" ಅಂತ ಸದ್ದು. ಪರದೆಯ ನಡುಮಧ್ಯೆ ಒಂದು ಪುಟ್ಟ ಚೌಕ, ಅದರಲ್ಲೊಂದು ಕೆಂಪು ಗುಂಡು, ಗುಂಡಿನೊಳಗೆ ಇಂಟು ಗುರುತು, ಪಕ್ಕದಲ್ಲಿ ಎರಡು ಸಾಲು ಇಂಗ್ಲಿಷು, ಕೆಳಗೆ "ಓಕೆ" ಎನ್ನುವ ಗುಂಡಿ. ನಮ್ಮ ತಪ್ಪೇನು ಎಂದು ಕೇಳುವ ಹಾಗೂ ಇಲ್ಲ, ಬೇಡ ಎನ್ನುವ ಹಾಗೂ ಇಲ್ಲ. ಓಕೆ ಅಂತಲೇ ಒತ್ತಬೇಕು! ಒತ್ತಿದರೆ ಹೋಗುತ್ತದೆ. ಹೋದ ಮೇಲೆ ಮತ್ತೆ ಬರುತ್ತದೆ. ನನ್ನ ಪರಿಚಯದ ಮನೆಗಳಲ್ಲೆಲ್ಲ ಹೆಂಗಸರು ಇದನ್ನು ಓದದೇ ಒತ್ತಿಬಿಡುತ್ತಾರೆ, ಗಂಡಸರು ಓದಿದ ಹಾಗೆ ಮಾಡಿ ಒತ್ತುತ್ತಾರೆ. ಇಷ್ಟೇ ವ್ಯತ್ಯಾಸ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮಾಧ್ಯಮದಲ್ಲಿ. ನಮ್ಮದು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ಮಳೆ ಕಮ್ಮಿ, ಶೇಂಗಾ ಹೊಲ, ಕುರಿ, ಕಂಬಳಿ, ಇದು ನಮ್ಮ ಕಡೆಯ ಬದುಕು. ಆದರೆ ಕಂಪ್ಯೂಟರು ನಮಗೆ ಹೊಸದು ಅಂದುಕೊಳ್ಳಬೇಡಿ. ನಮ್ಮ ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಈಗ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿವೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆ ಇರುವ ಒಂದು ವಾಹನವನ್ನು ಹೆಲಿಕಾಪ್ಟರಿಗೆ ನೇತುಹಾಕಿ, ಸುಮಾರು ನಾಲ್ಕೂವರೆ ಕಿಲೋಮೀಟರು ಮೇಲಿನಿಂದ ಕೈಬಿಟ್ಟರು. ಅದು ಯಾರ ಸಹಾಯವೂ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ಚಳ್ಳಕೆರೆಯ ರನ್‌ವೇ ಮೇಲೆ ಬಂದು ಇಳಿಯಿತು. 2024ರಲ್ಲಿ ಇನ್ನೂ ಎರಡು ಸಲ ಇಳಿಸಿದರು. ಕಾವಲಿನ ಕಂಪ್ಯೂಟರು ವಿಮಾನ ಇಳಿಸುತ್ತಿದ್ದರೆ, ನಮ್ಮ ಮನೆಯ ಕಂಪ್ಯೂಟರು ಇದ್ದ ಜಾಗದಲ್ಲೇ ಕೂತು ಗಂಟೆಗೊಂದು ಸಲ ಅಳುತ್ತಿತ್ತು ನೋಡಿ!

ಅದು ಮಗ ಬೆಂಗಳೂರಿನಿಂದ ತಂದುಕೊಟ್ಟ ಹಳೆಯ ಕಂಪ್ಯೂಟರು. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ನಾನೇ ಅದರಲ್ಲಿ ಬರೆಯುತ್ತೇನೆ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ಬಾಕಿ, ಎಲ್ಲ ಅದರಲ್ಲೇ. ಮಗಳು ಪಿಯುಸಿ, ಅವಳ ಓದೂ ಅದರಲ್ಲೇ. ಇವೆರಡಕ್ಕಿಂತ ದೊಡ್ಡದು ಇನ್ನೊಂದಿತ್ತು, ನಮ್ಮ ಅತ್ತೆಯವರ ಪದಗಳು.

ನಮ್ಮ ಅತ್ತೆ ಅಕ್ಷರ ಕಲಿತವರಲ್ಲ. ಆದರೆ ಸೋಬಾನೆ ಪದ, ಬೀಸುವ ಪದ ಶುರು ಮಾಡಿದರೆ ನಿಲ್ಲಿಸುವವರೂ ಅಲ್ಲ. ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರ ಹೆಸರು ನೀವು ಕೇಳಿರಬಹುದು. ಓದು ಬರಹ ಇಲ್ಲದ ಆ ತಾಯಿಯ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪುಸ್ತಕ ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ನಮ್ಮ ಅತ್ತೆ ಅಷ್ಟು ದೊಡ್ಡವರಲ್ಲ ಬಿಡಿ, ಅವರ ಪದಗಳನ್ನು ಬರೆದುಕೊಳ್ಳಲು ಯಾರೂ ಬರಲಿಲ್ಲ. 2022ರಲ್ಲಿ ನನ್ನ ಮಗನೇ ತನ್ನ ಫೋನಿನಲ್ಲಿ ಹನ್ನೊಂದು ಪದ ಹಿಡಿದು ಕಂಪ್ಯೂಟರಿಗೆ ಹಾಕಿದ. ಆ ಫೋನು ಆಮೇಲೆ ನೀರಿಗೆ ಬಿದ್ದು ಹಾಳಾಯಿತು. 2024ರಲ್ಲಿ ಅತ್ತೆಯೂ ಹೋದರು. ಅಲ್ಲಿಗೆ ಅವರ ದನಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಡಬ್ಬಿಯೊಳಗೆ ಮಾತ್ರ.

ಇಂಥ ಡಬ್ಬಿಗೆ 2025ರ ದೀಪಾವಳಿ ಕಳೆದ ಮೇಲೆ ಈ ಮೆಸೇಜಿನ ಕಾಟ ಹತ್ತಿಕೊಂಡಿತು.

ಮೊದಲ ವಾರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ವಾರ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ಶುರುವಾಯಿತು. ಮಗಳು ಏನೋ ಸಿನಿಮಾ ಹಾಕಿಕೊಂಡಿದ್ದಾಳೆ ಅಂತ ಅವಳಪ್ಪ, ಅಪ್ಪ ಏನೇನೋ ಒತ್ತುತ್ತಾರೆ ಅಂತ ಮಗಳು. ನಮ್ಮವರಂತೂ, "ಇದಕ್ಕೆ ಹುಳ ಬಿದ್ದಿದೆ ಕಣೆ" ಎಂದು ತೀರ್ಮಾನ ಕೊಟ್ಟೇಬಿಟ್ಟರು. ಶೇಂಗಾ ಬೆಳೆಯುವವರು ನೋಡಿ, ಕಂಬಳಿಹುಳು, ಸುರುಳಿಪೂಚಿ ಬಿಟ್ಟು ಬೇರೆ ಯೋಚನೆಯೇ ಬರುವುದಿಲ್ಲ! (ಕಂಪ್ಯೂಟರಿಗೆ ಹುಳ ಬೀಳುವುದು ಸುಳ್ಳೇನಲ್ಲ. 1947ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಭಾರಿ ಲೆಕ್ಕದ ಯಂತ್ರ ತಪ್ಪು ಮಾಡತೊಡಗಿ, ಬಿಚ್ಚಿ ನೋಡಿದರೆ ಒಳಗೆ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತಂತೆ. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದಾರೆ. ಆ ಯಂತ್ರದ ಜತೆ ಕೆಲಸ ಮಾಡುತ್ತಿದ್ದವರಲ್ಲಿ ಗ್ರೇಸ್ ಹಾಪರ್ ಎನ್ನುವ ಹೆಂಗಸು ಒಬ್ಬರು. ಯಂತ್ರದ ದೋಷಕ್ಕೆ "ಬಗ್" ಅನ್ನುವ ಮಾತು ಅದಕ್ಕೂ ಮೊದಲೇ ಇತ್ತು, ಹುಳ ಸಿಕ್ಕಿದ್ದು ಆಮೇಲೆ.)

ಚಳ್ಳಕೆರೆಗೆ ಸಾಮಾನಿಗೆ ಹೋದಾಗ ಒಂದು ಅಂಗಡಿಯಲ್ಲಿ ವಿಚಾರಿಸಿದೆವು. ಅಲ್ಲಿದ್ದ ಹುಡುಗ ಕಂಪ್ಯೂಟರಿನ ಮುಖವನ್ನೂ ನೋಡದೆ, "ನಿಮ್ಮದು ವಿಂಡೋಸ್ ಟೆನ್ ಅಲ್ವಾ ಆಂಟಿ? ಅದು ಬಂದ್ ಆಯ್ತು, ಅದಕ್ಕೇ ಹಂಗೆ ಬರ್ತೈತೆ. ತಗಂಡ್ಬನ್ನಿ, ಫಾರ್ಮ್ಯಾಟ್ ಹೊಡೆದುಕೊಡ್ತೀನಿ, ಎಂಟುನೂರು" ಅಂದ.

"ಫಾರ್ಮ್ಯಾಟ್ ಅಂದ್ರೆ ಏನಪ್ಪ?"

"ಎಲ್ಲಾ ಕ್ಲೀನ್ ಆಂಟಿ. ಹೊಸದರ ಥರ."

"ಒಳಗಿರೋದು?"

"ಹೋಗುತ್ತೆ."

ಎಷ್ಟು ಸಲೀಸಾಗಿ ಹೇಳಿದ ನೋಡಿ, ಹೋಗುತ್ತೆ ಅಂತ. ನಮ್ಮವರು ಅಷ್ಟರಲ್ಲೇ ಜೇಬಿಗೆ ಕೈ ಹಾಕಿದ್ದರು. ನಾನು, "ಇನ್ನೊಂದು ಸಲ ಬರ್ತೀವಪ್ಪ" ಅಂತ ಹೇಳಿ ಅವರನ್ನು ಎಬ್ಬಿಸಿಕೊಂಡು ಬಂದೆ. ಬಸ್ಸಿನಲ್ಲಿ ನಮ್ಮಿಬ್ಬರಿಗೂ ಮಾತಿಲ್ಲ. ಆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವೇ. ವಿಂಡೋಸ್ ಟೆನ್ನಿಗೆ ಮಾಮೂಲಿ ರಿಪೇರಿ ಕೊಡುವುದನ್ನು ಅದನ್ನು ಮಾಡಿದವರು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ್ದರು. ಆದರೆ ಅಂಗಡಿಯವನು ರೇಷನ್ ಕೊಡುವುದು ನಿಲ್ಲಿಸಿದರೆ ಮನೆಯ ಬಾಗಿಲು ಕಿರ್ ಅನ್ನುತ್ತದೆಯೇ? ಅದಕ್ಕೂ ಇದಕ್ಕೂ ಸಂಬಂಧ ಇರಲಾರದು ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಮನೆಗೆ ಬಂದವಳೇ ಮೊದಲು ಮಾಡಿದ ಕೆಲಸ ಪದಗಳನ್ನು ಕಾಪಾಡಿದ್ದು. ಒಂದು ಪೆನ್‌ಡ್ರೈವಿಗೆ ಹನ್ನೊಂದೂ ಪದ, ಸಂಘದ ಲೆಕ್ಕ, ಫೋಟೋ ಎಲ್ಲ ತುಂಬಿಸಿದೆ. ತುಂಬಿಸಿ ಸುಮ್ಮನಾಗಲಿಲ್ಲ. ಆ ಪೆನ್‌ಡ್ರೈವನ್ನು ಪಕ್ಕದ ಮನೆಯ ಟೀವಿಗೆ ಹಾಕಿಸಿ ಹಾಡಿಸಿ ನೋಡಿದೆ. ನೀವೂ ಹೀಗೇ ಮಾಡಿ. ಉಪ್ಪಿನಕಾಯಿ ಜಾಡಿಗೆ ಹಾಕಿದ ಮಾತ್ರಕ್ಕೆ ಆಗಲಿಲ್ಲ, ನಾಲ್ಕು ದಿನ ಬಿಟ್ಟು ಮುಚ್ಚಳ ತೆಗೆದು ನೋಡಬೇಕಲ್ಲವೆ? ಅತ್ತೆಯ ದನಿ ಪಕ್ಕದ ಮನೆಯ ಟೀವಿಯಿಂದ ಬಂದಾಗ ಆ ಮನೆಯ ಹುಡುಗಿ, "ಅಕ್ಕ, ಅಜ್ಜಿ ಕೆಮ್ಮೋದೂ ಕೇಳ್ತೈತೆ" ಅಂದಳು. ಹೌದು, ನಾಲ್ಕನೆಯ ಪದದ ನಡುವೆ ಕೆಮ್ಮಿದ್ದಾರೆ, ಕೋಳಿಯೂ ಕೂಗಿದೆ. ನಾನು ಸ್ವಲ್ಪ ಹೊತ್ತು ಹೊರಗೆ ಬಂದು ನಿಂತೆ.

ಇಷ್ಟಾದ ಮೇಲೆ ಧೈರ್ಯ ಬಂತು. ಇನ್ನು ಈ ಮೆಸೇಜು ಏನು ಮಾಡಿದರೂ ಅತ್ತೆಯನ್ನು ಮುಟ್ಟಲಾರದು. ನೋಡೇ ಬಿಡೋಣ ಎಂದು ಒಂದು ನೂರು ಪುಟದ ನೋಟುಪುಸ್ತಕ ತೆಗೆದುಕೊಂಡು ಕೂತೆ.

ಮೊದಲನೆಯ ದಿನ ಮೆಸೇಜನ್ನು ಪೂರ್ತಿ ಬರೆದುಕೊಂಡೆ. ತಲೆಬರಹ "ರನ್ ಡಿಎಲ್ಎಲ್". ಕೆಳಗೆ "ದೇರ್ ವಾಸ್ ಎ ಪ್ರಾಬ್ಲಮ್ ಸ್ಟಾರ್ಟಿಂಗ್", ಆಮೇಲೆ ಓರೆಗೆರೆಗಳಿಂದ ಬೇರೆಯಾದ ಒಂದು ಉದ್ದನೆಯ ವಿಳಾಸ, ಕೊನೆಗೆ "ದಿ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್". ಮಗಳ ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪದ ಬಿಡಿಸಿದೆ. ಆ ಅರ್ಥ ಕೂಡಿಸಿಕೊಂಡಾಗ ನನಗೆ ನಗು ಬಂತು. ಇಷ್ಟು ದಿನ ನಮ್ಮನ್ನು ಗದರಿಸುತ್ತಿದೆ ಅಂದುಕೊಂಡಿದ್ದೆವಲ್ಲ, ಅದು ಗದರಿಸುತ್ತಲೇ ಇರಲಿಲ್ಲ! "ಇಂಥಾದ್ದನ್ನು ಶುರು ಮಾಡಲು ಹೋದೆ, ಆ ವಿಳಾಸದಲ್ಲಿ ಅದು ಸಿಗಲಿಲ್ಲ" ಎಂದು ಹೇಳುತ್ತಿತ್ತು, ಅಷ್ಟೇ. ಹುಳವೂ ಅಲ್ಲ, ರೋಗವೂ ಅಲ್ಲ, ಯಾರೋ ಯಾರನ್ನೋ ಹುಡುಕಿಕೊಂಡು ಬರುತ್ತಿದ್ದಾರೆ. (ಮೆಸೇಜು ಎದುರಿಗಿದ್ದಾಗ ಕಂಟ್ರೋಲ್ ಗುಂಡಿ ಅದುಮಿ ಸಿ ಒತ್ತಿದರೆ ಆ ಸಾಲುಗಳು ನಕಲಾಗುತ್ತವೆ, ಎಲ್ಲಿ ಬೇಕಾದರೂ ಅಂಟಿಸಿಕೊಳ್ಳಬಹುದು ಎಂದು ಮಗ ಆಮೇಲೆ ಹೇಳಿಕೊಟ್ಟ. ಕೈಯಲ್ಲಿ ಬರೆದದ್ದೇ ಒಳ್ಳೆಯದಾಯಿತು, ಒತ್ತಿ ನಕಲು ಮಾಡಿದ್ದರೆ ನಾನು ಅಷ್ಟು ಓದುತ್ತಿರಲಿಲ್ಲ.)

ಎರಡನೆಯ ದಿನದಿಂದ ಮೆಸೇಜು ಬಂದ ಹೊತ್ತು ಬರೆದಿಟ್ಟೆ. ಇದಕ್ಕೆ ಗೃಹಿಣಿಗಿಂತ ತಕ್ಕವರು ಯಾರಿದ್ದಾರೆ ಹೇಳಿ? ಹಾಲು ಎಷ್ಟು ಹೊತ್ತಿಗೆ ಉಕ್ಕುತ್ತದೆ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಎಲ್ಲಾ ಲೆಕ್ಕ ನಮ್ಮ ತಲೆಯಲ್ಲೇ ಇರುತ್ತದಲ್ಲ. ಮೂರು ದಿನದ ಲೆಕ್ಕ ಹೀಗಿತ್ತು. ಕಂಪ್ಯೂಟರು ಹಾಕಿದ ಕೂಡಲೇ ಒಂದು ಸಲ. ಆಮೇಲೆ ಹತ್ತು ಗಂಟೆ ಹನ್ನೆರಡು ನಿಮಿಷ, ಹನ್ನೊಂದು ಗಂಟೆ ಹನ್ನೆರಡು ನಿಮಿಷ, ಹನ್ನೆರಡು ಗಂಟೆ ಹನ್ನೆರಡು ನಿಮಿಷ. ಮಾರನೆಯ ದಿನವೂ ಅದೇ, ಅದರಾಚೆಯ ದಿನವೂ ಅದೇ! ಒಂದು ನಿಮಿಷ ಆಚೆ ಈಚೆ ಇಲ್ಲ. ಕೆಟ್ಟುಹೋದ ವಸ್ತು ಹೀಗೆ ವೇಳೆ ನೋಡಿಕೊಂಡು ಕೆಡುತ್ತದೆಯೆ? ಮಿಕ್ಸಿ ಕೆಟ್ಟರೆ ಚಟ್ನಿ ರುಬ್ಬುವಾಗ ಕೈಕೊಡುತ್ತದೆಯೇ ಹೊರತು ಗಂಟೆಗೆ ಹನ್ನೆರಡು ನಿಮಿಷ ನೋಡಿಕೊಂಡು ಅಲ್ಲ.

ಇಂಟರ್‌ನೆಟ್ಟಿನಿಂದ ಬರುತ್ತಿರಬಹುದು ಎಂದು ಮಗಳು ಹೇಳಿದಳು. ಒಂದು ದಿನ ಪೂರ್ತಿ ಫೋನಿನ ಹಾಟ್‌ಸ್ಪಾಟ್ ಆರಿಸಿಟ್ಟೆವು. ಹನ್ನೆರಡು ನಿಮಿಷಕ್ಕೆ ಸರಿಯಾಗಿ ಬಂತು. ಹೊರಗಿನಿಂದ ಬರುವುದಲ್ಲ, ಒಳಗೇ ಇರುವುದು ಅಂತಾಯಿತು. ವಿಂಡೋಸ್‌ನಲ್ಲೇ ಇರುವ ಸೆಕ್ಯುರಿಟಿಯಲ್ಲಿ "ಫುಲ್ ಸ್ಕ್ಯಾನ್" ಎಂಬುದನ್ನು ಒತ್ತಿ ನಾನು ಶೇಂಗಾ ಬಿಡಿಸುತ್ತಾ ಕೂತೆ. ಒಂದು ಮೊರ ಮುಗಿದು ಎರಡನೆಯದು ಅರ್ಧವಾದಾಗ ಅದೂ ಮುಗಿಯಿತು, ವೈರಸ್ಸು ಏನೂ ಇಲ್ಲ ಎಂದಿತು.

ಈ ನಡುವೆ ನಮ್ಮವರು ಒಂದು ಉಪಾಯ ಕಂಡುಹಿಡಿದಿದ್ದರು. ಓಕೆ ಒತ್ತದೆ ಆ ಚೌಕವನ್ನು ಎಳೆದು ಪರದೆಯ ಮೂಲೆಗೆ ತಳ್ಳಿಬಿಡುವುದು. "ಅಲ್ಲೇ ಬಿದ್ದಿರ್ಲಿ ಬಿಡು, ಮತ್ತೆ ಬರಲ್ಲ" ಅನ್ನುತ್ತಿದ್ದರು. ನಾನು ನಂಬಿರಲಿಲ್ಲ. ಆದರೆ ಬರೆದಿಟ್ಟು ನೋಡಿದರೆ ನಿಜ! ಮೂಲೆಯಲ್ಲಿ ಅದು ಕೂತಿರುವಷ್ಟು ಹೊತ್ತು ಹೊಸದು ಬರುತ್ತಿರಲಿಲ್ಲ. ಅದನ್ನೂ ನೋಟಿನಲ್ಲಿ ಬರೆದುಕೊಂಡೆ, ಕಾರಣ ಆಗ ಗೊತ್ತಿರಲಿಲ್ಲ.

ಭಾನುವಾರ ಮಗ ಫೋನು ಮಾಡಿದಾಗ ಇಷ್ಟನ್ನೂ ಒಪ್ಪಿಸಿದೆ. ಅವನು ಒಂದು ನಿಮಿಷ ಸುಮ್ಮನಿದ್ದು, "ಅಮ್ಮಾ, ಇದನ್ನೆಲ್ಲ ನೀನೇ ಬರೆದ್ಯಾ?" ಅಂದ. ಆಮೇಲೆ ಆ ಉದ್ದನೆಯ ವಿಳಾಸ ಓದು ಅಂದ. ಫೋನಿನಲ್ಲಿ ಬಿ, ಡಿ, ಪಿ, ಇ ಎಲ್ಲಾ ಒಂದೇ ಥರ ಕೇಳಿಸುತ್ತವೆ, ನಿಮಗೂ ಅನುಭವ ಇರಬೇಕು. ಅದಕ್ಕೆ ನಾನು ತರಕಾರಿ ಹೆಸರಿನಿಂದ ಹೇಳಿದೆ. ಪಿ ಅಂದರೆ ಪಡವಲಕಾಯಿ, ಡಿ ಅಂದರೆ ದಂಟು, ಎಂ ಅಂದರೆ ಮೂಲಂಗಿ, ಬಿ ಅಂದರೆ ಬದನೆ. ಎಫ್‌ಗೆ ಯಾವ ತರಕಾರಿಯೂ ಸಿಗಲಿಲ್ಲ, "ಎಫ್ ಅಂದ್ರೆ ನಮ್ಮನೆ ಫ್ಯಾನು" ಅಂದೆ. ಪಡವಲ, ದಂಟು, ಫ್ಯಾನು ಅಂತ ಮೂರು ಸೇರಿದ ಕೂಡಲೇ ಅವನಿಗೆ ಹೊಳೆಯಿತು.

ಏನಾಗಿತ್ತೆಂದರೆ, ಮಗಳ ಯಾವುದೋ ಕಾಗದಪತ್ರಗಳನ್ನು ಒಂದೇ ಕಡತ ಮಾಡಲು ಅವನೇ ಒಂದು ಬಿಟ್ಟಿ ಪ್ರೋಗ್ರಾಮು ಹಾಕಿದ್ದನಂತೆ. ಅದರ ಹೆಸರು ಇಲ್ಲಿ ಬೇಡ. ದೀಪಾವಳಿಗೆ ಬಂದಾಗ ಅದು ಬೇಡವೆಂದು ತೆಗೆದುಹಾಕಿದ್ದ. ಪ್ರೋಗ್ರಾಮು ಹೋಯಿತು, ಆದರೆ ಹೋಗುವಾಗ ತಾನು ಗೊತ್ತು ಮಾಡಿದ್ದ ವರ್ತನೆಯನ್ನು ನಿಲ್ಲಿಸಿ ಹೋಗಲಿಲ್ಲ.

ವರ್ತನೆ ಅಂದರೆ ಹಾಲಿನ ವರ್ತನೆಯ ಹಾಗೇ. ಬಾಡಿಗೆಗಿದ್ದವರು ಮನೆ ಖಾಲಿ ಮಾಡಿಕೊಂಡು ಹೋದರು, ಆದರೆ ಹಾಲಿನವನಿಗೆ ಹೇಳಲಿಲ್ಲ ಅಂದುಕೊಳ್ಳಿ. ಅವನು ದಿನಾ ಬಂದು ಬಾಗಿಲು ಬಡಿದು, "ಅಮ್ಮೋರೇ, ಹಾಲು" ಎಂದು ಕೂಗುತ್ತಾನೆ. ಒಳಗೆ ಯಾರೂ ಇಲ್ಲ. ಅವನ ತಪ್ಪೇನೂ ಇಲ್ಲ, ಕೂಗುವುದು ಅವನ ಕೆಲಸ. ಕಂಪ್ಯೂಟರಿನೊಳಗೂ ಹೀಗೇ ವೇಳಾಪಟ್ಟಿ ಇಟ್ಟುಕೊಂಡು ಕೆಲಸ ಮಾಡಿಸುವ ಒಬ್ಬ ಮೇಸ್ತ್ರಿ ಇದ್ದಾನೆ. ಅವನ ಹೆಸರು "ಟಾಸ್ಕ್ ಶೆಡ್ಯೂಲರ್". ನಾವು ಮುಂದೆ ಲೆಕ್ಕ ಬರೆಯುತ್ತಿರುವಾಗ ಹಿಂದೆ, ನಮ್ಮ ಕಣ್ಣಿಗೆ ಕಾಣದ ಹಾಗೆ, ಹತ್ತಾರು ಕೆಲಸ ನಡೆಯುತ್ತಿರುತ್ತವೆ. ಹಜಾರದಲ್ಲಿ ನೆಂಟರ ಜೊತೆ ಮಾತಾಡುತ್ತಿದ್ದರೂ ಹಿತ್ತಿಲ ಒಲೆಯಲ್ಲಿ ಬೇಳೆ ಬೇಯುತ್ತಿರುತ್ತದಲ್ಲ, ಹಾಗೆ. ಡಿಎಲ್ಎಲ್ ಎನ್ನುವುದು ಪ್ರೋಗ್ರಾಮುಗಳು ಬೇಕಾದಾಗ ಎರವಲು ಪಡೆಯುವ ಸಾಮಾನು, ಬೀದಿಗೊಂದು ಇರುತ್ತಿದ್ದ ಒರಳುಕಲ್ಲಿನ ಹಾಗೆ. ಮೇಸ್ತ್ರಿ ಗಂಟೆಗೊಮ್ಮೆ ಆಳನ್ನು ಕಳಿಸುತ್ತಾನೆ, ಆಳು ಒರಳು ಇದ್ದ ಜಾಗಕ್ಕೆ ಹೋಗುತ್ತಾನೆ, ಒರಳೇ ಇಲ್ಲ, ವಾಪಸು ಬಂದು ನಮ್ಮ ಮುಂದೆ ವರದಿ ಒಪ್ಪಿಸುತ್ತಾನೆ. ನಾವು ಓಕೆ ಎನ್ನುತ್ತೇವೆ. ಅವನು ಮತ್ತೆ ಮುಂದಿನ ಗಂಟೆಗೆ ಹೋಗುತ್ತಾನೆ!

ನಮ್ಮವರ ಮೂಲೆಯ ಉಪಾಯಕ್ಕೂ ಆಗ ಅರ್ಥ ಸಿಕ್ಕಿತು. ಓಕೆ ಒತ್ತುವವರೆಗೆ ಆ ಆಳಿನ ಕೆಲಸ ಮುಗಿದಿಲ್ಲವೆಂದೇ ಮೇಸ್ತ್ರಿಯ ಲೆಕ್ಕ. ಒಬ್ಬ ಹೋದವನು ತಿರುಗಿ ಬಾರದೆ ಇನ್ನೊಬ್ಬನನ್ನು ಕಳಿಸುವುದಿಲ್ಲ ಎನ್ನುವುದು ಅವನ ಮಾಮೂಲಿ ನಿಯಮ. ಇದನ್ನು ಹೇಳಿದಾಗ ನಮ್ಮವರ ಮೀಸೆ ಎರಡು ದಿನ ಕೆಳಗಿಳಿಯಲಿಲ್ಲ.

ಮಗ ಫೋನಿನಲ್ಲೇ ಇದ್ದ, ನಾನು ಕಂಪ್ಯೂಟರಿನ ಮುಂದೆ. ನಿಮ್ಮಲ್ಲಿ ಯಾರಿಗಾದರೂ ಇದೇ ಕಾಟ ಇದ್ದರೆ ಅನುಕೂಲವಾಗಲಿ ಎಂದು ಮಾಡಿದ್ದನ್ನು ಹೇಳುತ್ತೇನೆ. ಎಡಮೂಲೆಯ ಕಿಟಕಿ ಗುರುತನ್ನು ಒತ್ತಿ "ಟಾಸ್ಕ್ ಶೆಡ್ಯೂಲರ್" ಎಂದು ಟೈಪು ಮಾಡಿದರೆ ಅದು ತೆರೆದುಕೊಳ್ಳುತ್ತದೆ. ಎಡಗಡೆ "ಟಾಸ್ಕ್ ಶೆಡ್ಯೂಲರ್ ಲೈಬ್ರರಿ" ಎಂದಿರುತ್ತದೆ, ಅದನ್ನು ಒತ್ತಬೇಕು. ನಡುವೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ "ನೆಕ್ಸ್ಟ್ ರನ್ ಟೈಮ್" ಎನ್ನುವ ಸಾಲು ನೋಡಿ, ಅಂದರೆ ಮುಂದೆ ಯಾವಾಗ ಹೊರಡುತ್ತದೆ ಎಂದು. ನಮ್ಮದರಲ್ಲಿ ಏಳೆಂಟು ಹೆಸರಿದ್ದವು. ಒಂದರ ಎದುರು ಮಾತ್ರ ನಾಲ್ಕು ಗಂಟೆ ಹನ್ನೆರಡು ನಿಮಿಷ ಎಂದಿತ್ತು! ನನ್ನ ನೋಟುಪುಸ್ತಕದ ಹನ್ನೆರಡು ನಿಮಿಷ ಅಲ್ಲಿ ಕೂತಿತ್ತು. ಕಳ್ಳ ಸಿಕ್ಕ ಅಂತ ನಾನು ಕೂಗಿದ್ದು ಕೇಳಿ ಒಲೆಯ ಮುಂದಿದ್ದ ಮಗಳು ಸೌಟು ಹಿಡಿದುಕೊಂಡೇ ಓಡಿಬಂದಳು.

ಅದರ ಮೇಲೆ ಎರಡು ಸಲ ಒತ್ತಿ "ಟ್ರಿಗರ್ಸ್" ನೋಡಿದೆವು. ಕಂಪ್ಯೂಟರಿಗೆ ಲಾಗಿನ್ ಆದಾಗ ಒಂದು ಸಲ, ಆಮೇಲೆ ಗಂಟೆಗೊಂದು ಸಲ ಎಂದು ಬರೆದಿತ್ತು. "ಆಕ್ಷನ್ಸ್" ನೋಡಿದರೆ ಅದೇ ಪಡವಲ, ದಂಟು, ಫ್ಯಾನಿನ ವಿಳಾಸ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಡಿಲೀಟ್ ಮಾಡಿಬಿಡಲೇ ಎಂದು ಕೇಳಿದೆ. ಮಗ ಬೇಡ ಅಂದ. ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ "ಡಿಸೇಬಲ್" ಮಾಡು, ಅಂದರೆ ನಿಲ್ಲಿಸಿಡು, ಅಷ್ಟೇ ಸಾಕು, ಒಂದು ತಿಂಗಳು ನೋಡೋಣ ಎಂದ. ನನಗೆ ಈ ಬುದ್ಧಿ ಬಹಳ ಹಿಡಿಸಿತು. ಸೊಸೆ ಬಂದ ಹೊಸದರಲ್ಲಿ ಅತ್ತೆಯ ಹಳೆಯ ಡಬ್ಬಿಗಳನ್ನು ಒಮ್ಮೆಗೇ ಗುಜರಿಗೆ ಹಾಕದೆ ಅಟ್ಟಕ್ಕೆ ಹಾಕಿಡುತ್ತಾಳಲ್ಲ, ಹಾಗೆ. ಬೇಕೆಂದರೆ ಇಳಿಸಬಹುದು. ಇನ್ನೊಂದು ಮಾತು. ಆ ಲೈಬ್ರರಿಯ ಕೆಳಗೆ "ಮೈಕ್ರೋಸಾಫ್ಟ್" ಎಂಬ ಫೋಲ್ಡರಿನೊಳಗೆ ವಿಂಡೋಸಿನದೇ ಬಹಳಷ್ಟು ಕೆಲಸಗಳ ಪಟ್ಟಿ ಇರುತ್ತದೆ, ಅದಕ್ಕೆ ಕೈ ಹಾಕಬೇಡಿ. ಹೆಸರು, ವೇಳೆ, ವಿಳಾಸ ಮೂರೂ ಹೊಂದಿದರೆ ಮಾತ್ರ ಒಂದನ್ನು ನಿಲ್ಲಿಸಿ.

ಎಲ್ಲ ಕಾಟವೂ ಇಲ್ಲೇ ಇರುತ್ತದೆ ಎಂದೇನೂ ಇಲ್ಲ. ಕಂಪ್ಯೂಟರು ಹಾಕಿದಾಗ ಒಂದೇ ಸಲ ಬಂದು ಸುಮ್ಮನಾಗುವ ಮೆಸೇಜಾದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಬರುವ "ಟಾಸ್ಕ್ ಮ್ಯಾನೇಜರ್"ನ "ಸ್ಟಾರ್ಟಪ್" ಪಟ್ಟಿಯಲ್ಲಿ ಮೊದಲು ನೋಡಬೇಕಂತೆ. ಎಲ್ಲವನ್ನೂ ಒಂದೇ ಕಡೆ ತೋರಿಸುವ "ಆಟೋರನ್ಸ್" ಎನ್ನುವ ಬಿಟ್ಟಿ ಸಾಧನವನ್ನು ಮೈಕ್ರೋಸಾಫ್ಟಿನವರೇ ಕೊಡುತ್ತಾರೆ. ಅದರಲ್ಲಿ, ಕಡತ ಇಲ್ಲದೆ ಹೆಸರು ಮಾತ್ರ ಉಳಿದವು ಹಳದಿ ಬಣ್ಣದಲ್ಲಿ ಕಾಣುತ್ತವಂತೆ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಹನ್ನೊಂದಾಯಿತು, ಹನ್ನೆರಡಾಯಿತು, ಹದಿಮೂರಾಯಿತು. ಬರಲಿಲ್ಲ. ಐದು ಗಂಟೆಗೂ ಬರಲಿಲ್ಲ. ನಮ್ಮವರು, "ಎಂಟುನೂರು ಉಳೀತು" ಎಂದು ಎದ್ದು ಹೊಲಕ್ಕೆ ಹೋದರು. ಮಗಳು ಮಾತ್ರ ನಿಜವಾಗಿ ನಿಟ್ಟುಸಿರು ಬಿಟ್ಟಳು. ಅವಳ ಸಿಇಟಿ ಅರ್ಜಿ ತುಂಬುವ ಕಾಲ ಹತ್ತಿರ ಬರುತ್ತಿತ್ತು, ತುಂಬುವಾಗ ಈ ಚೌಕ ಎದ್ದು ನಿಂತರೆ ಟೈಪು ಮಾಡಿದ್ದು ಎಲ್ಲಿಗೋ ಹೋಗುತ್ತದೆ ಎಂದು ಒಳಗೊಳಗೇ ಹೆದರಿದ್ದಳಂತೆ. ಒಂದು ತಿಂಗಳು ಕಳೆದ ಮೇಲೆ ಅದನ್ನು ಅಳಿಸಿದೆ.

ನೋಟುಪುಸ್ತಕದ ಸುದ್ದಿ ಹೇಗೋ ನಮ್ಮ ನಾದಿನಿಯ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಅವಳ ಫೋನು, ದನಿ ನಡುಗುತ್ತಿತ್ತು. "ಅತ್ತಿಗೆ, ನಮ್ಮ ಕಂಪ್ಯೂಟರ್ ತುಂಬಾ ಕೆಂಪಗೆ ಆಗೈತೆ, ಬಂದ್ ಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ ಅಂತ ಬರ್ತೈತೆ. ಮಾಡ್ಲಾ?"

"ಮೆಸೇಜಿನಲ್ಲೇ ಫೋನ್ ನಂಬರ್ ಐತಾ?" ಅಂದೆ.

"ಹೂಂ, ದೊಡ್ಡದಾಗೈತೆ."

"ಹಂಗಾದ್ರೆ ಮಾಡಬೇಡ ಕಣವ್ವ" ಅಂದೆ. ಇದು ನಮ್ಮ ಮನೆಗೆ ಬಂದಂಥ ಬಡಪಾಯಿ ಮೆಸೇಜಲ್ಲ, ಮೋಸಗಾರರದು. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ತನ್ನ ಎಚ್ಚರಿಕೆಯ ಮೆಸೇಜುಗಳಲ್ಲಿ ಎಂದೂ ಫೋನ್ ನಂಬರು ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಫೋನು ಮಾಡಿದರೆ ಆ ಕಡೆಯವರು ನಯವಾಗಿ ಮಾತಾಡಿ, "ಇವೆಂಟ್ ವ್ಯೂವರ್" ತೆಗೆಯಿರಿ ಎಂದು ಹೇಳಿ ಅಲ್ಲಿರುವ ಕೆಂಪು ಗುರುತುಗಳನ್ನು ತೋರಿಸಿ ಹೆದರಿಸುತ್ತಾರೆ. ಆ ಕೆಂಪು ಗುರುತು ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಇರುತ್ತವೆ, ನಮ್ಮದರಲ್ಲೂ ರಾಶಿ ಇವೆ. ಹೆದರಿದವರ ಕಂಪ್ಯೂಟರಿನೊಳಗೆ ಅಲ್ಲಿಂದಲೇ ಕೈ ಹಾಕಿ ಬ್ಯಾಂಕಿನ ದುಡ್ಡಿಗೆ ಬರುತ್ತಾರೆ. ನಾದಿನಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರಿನ ಹೆಸರು ಹಿಡಿದು "ಎಂಡ್ ಟಾಸ್ಕ್" ಮಾಡಿಸಿದೆ. ಕೆಂಪು ಮಾಯ. ಅಕಸ್ಮಾತ್ ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆ ಪಡುತ್ತಾ ಕೂರದೆ ಕೂಡಲೇ 1930ಕ್ಕೆ ಫೋನು ಮಾಡಬೇಕು, ಅದು ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು.

ಅವತ್ತು ಮಾತಿನ ಕೊನೆಗೆ ನಾದಿನಿ ಅವಳಮ್ಮನ ಪದಗಳ ವಿಚಾರ ತೆಗೆದಳು. ಒಂದು ಪೆನ್‌ಡ್ರೈವು ಅವಳಿಗೂ ಕಳಿಸಿದೆ. ಈಗ ಪದಗಳು ಮೂರು ಊರಿನಲ್ಲಿವೆ, ನಮ್ಮಲ್ಲಿ, ಅವಳ ಮನೆಯಲ್ಲಿ, ಬೆಂಗಳೂರಿನಲ್ಲಿ ಮಗನ ಹತ್ತಿರ. ನೋಟುಪುಸ್ತಕದಲ್ಲಿ ಇನ್ನೂ ತೊಂಬತ್ತಕ್ಕೂ ಹೆಚ್ಚು ಪುಟ ಖಾಲಿ ಉಳಿದಿದ್ದವು. ಮಧ್ಯಾಹ್ನ ಊಟವಾದ ಮೇಲೆ ಒಂದೊಂದೇ ಪದ ಹಾಕಿಕೊಂಡು, ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳಿ ಅದರಲ್ಲಿ ಬರೆಯುತ್ತಿದ್ದೇನೆ. ನಾಲ್ಕನೆಯ ಪದದಲ್ಲಿ ಕೆಮ್ಮು ಬಂದ ಕಡೆ ಒಂದು ಮಾತು ಎಷ್ಟು ಸಲ ಕೇಳಿದರೂ ತಿಳಿಯುತ್ತಿಲ್ಲ. ನಾದಿನಿಗೆ ಅದು ಒಂದು ಊರಿನ ಹೆಸರಿನಂತೆ ಕೇಳಿಸುತ್ತದಂತೆ, ನನಗೆ ಒಂದು ಹೂವಿನ ಹೆಸರಿನಂತೆ. ನಾಯಕನಹಟ್ಟಿ ತೇರಿಗೆ ಅವಳು ಬಂದಾಗ ಇಬ್ಬರೂ ಕೂತು ಇನ್ನೊಂದು ಸಲ ಕೇಳಬೇಕು ಅಂದುಕೊಂಡಿದ್ದೇವೆ.